ಪೈಲ್ವಾನ್ ಚಿಕ್ಕಣ್ಣ ಫೋಟೊ ತೆಗೆಸಿದ್ದು

ಹಿನಕಲ್ಲಿನ ಚಿಕ್ಕಣ್ಣನಿಗೆ ಆ ಸೋಮವಾರ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಹಿಂದಿನ ದಿನ ಅಖಾಡದಲ್ಲಿ ಅವನ ಮೊಮ್ಮಗಳು ಭವ್ಯಶ್ರೀ ತನಗಿಂತ ಗೇಣುದ್ದ ಎತ್ತರದ ಹುಡುಗಿಯನ್ನು ಚಿತ್ ಮಾಡಿದ್ದಳು. ಎದುರಾಳಿಯ ಎರಡು ಭುಜವೂ ಮಣ್ಣಿಗೆ ತಾಗಿದ ಆ ಗಳಿಗೆ ಚಿಕ್ಕಣ್ಣನ ಕೈಯಲ್ಲಿದ್ದ ಕ್ಯಾಮೆರಾದೊಳಗೆ ಸೇರಿಕೊಂಡಿತ್ತು. ಅದನ್ನು ಕಂಪ್ಯೂಟರಿಗೆ ಇಳಿಸಿ, ದೊಡ್ಡದು ಮಾಡಿ ಸೊಸೆಗೆ ತೋರಿಸುವುದೊಂದೇ ಬಾಕಿ. ಆಮೇಲಿನದೆಲ್ಲ ಹೂವೆತ್ತಿದಷ್ಟು ಸಲೀಸು ಎಂದು ಅವನು ಲೆಕ್ಕ ಹಾಕಿಬಿಟ್ಟಿದ್ದ. ತಟ್ಟೆಯಲ್ಲಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದು, ಜೆರಾಕ್ಸ್ ಅಂಗಡಿಯ ಬಾಗಿಲು ಮೇಲೇಳುವ ಮೊದಲೇ ಹೋಗಿ ಅದರ ಮುಂದೆ ನಿಂತ.

ಫೋಟೊದ ವಿಷಯದಲ್ಲಿ ಇವನಷ್ಟು ನತದೃಷ್ಟ ಪೈಲ್ವಾನ ಮೈಸೂರಿನಲ್ಲಿ ಇನ್ನೊಬ್ಬ ಇರಲಾರ. ಪ್ರಾಯದಲ್ಲಿ ಎಮ್ಮೆಗಳ ಹಾಲು ಕರೆದು, ಸೈಕಲ್ಲಿಗೆ ಕ್ಯಾನು ಕಟ್ಟಿ ಮನೆಮನೆಗೆ ಹಾಕಿ, ಅಲ್ಲಿಂದ ನೇರ ಗರಡಿಗೆ ಹೋಗಿ ಸಾಮು ಮಾಡುತ್ತಿದ್ದವನು. ಜೋಡಿ ಕಟ್ಟುವಾಗ ಅವನ ಹೆಸರು ಕೇಳಿ ಮೆಲ್ಲಗೆ ಹಿಂದೆ ಸರಿದವರೂ ಉಂಟು. ಒಮ್ಮೆ ಬೆಳ್ಳಿ ಗದೆ ಗೆದ್ದಾಗ ಅಗ್ರಹಾರದ ಸ್ಟುಡಿಯೊದವನನ್ನು ಕರೆಸಿ, ಗದೆಯನ್ನು ಹೆಗಲ ಮೇಲಿಟ್ಟು, ಉಸಿರು ಬಿಗಿಹಿಡಿದು ನಿಂತಿದ್ದ. ಆ ಪುಣ್ಯಾತ್ಮ ಕ್ಯಾಮೆರಾಕ್ಕೆ ರೀಲು ಹಾಕುವುದನ್ನೇ ಮರೆತಿದ್ದ. ಮರುವರ್ಷ ಗದೆ ಇನ್ನೊಬ್ಬ ಗೆದ್ದವನ ಮನೆಗೆ ಹೋಯಿತು. ಹೊಲ ಬಡಾವಣೆಯಾಯಿತು, ಎಮ್ಮೆಗಳು ಹೋದವು, ಮೊಣಕಾಲು ಹೇಳಿದ ಮಾತು ಕೇಳದಾಯಿತು. ನಿನ್ನ ತಾತ ಹೀಗಿದ್ದ ಕಣಮ್ಮ ಎಂದು ಮೊಮ್ಮಗಳಿಗೆ ತೋರಿಸಲು ಒಂದು ಚೂರು ಕಾಗದವೂ ಉಳಿಯಲಿಲ್ಲ. ಅದನ್ನು ನೆನೆದರೆ ಅವನಿಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಕತೆಯನ್ನು ನೂರು ಸಲ ಕೇಳಿದ್ದವರು ರಾಮಕೃಷ್ಣನಗರದ ಪವಮಾನ ಮೇಷ್ಟ್ರು. ಅವರ ಮನೆಗೆ ಚಿಕ್ಕಣ್ಣ ವರ್ಷಗಟ್ಟಲೆ ಹಾಲು ಹಾಕಿದ್ದ. ಮೊಬೈಲು ಬಂದ ಮೇಲೆ ಬೀರುವಿನಲ್ಲಿ ಸುಮ್ಮನೆ ಬಿದ್ದಿದ್ದ ತಮ್ಮ ಡಿಜಿಟಲ್ ಕ್ಯಾಮೆರಾವನ್ನು ಅವರು ಕರೆದು ಕೈಗಿತ್ತು, ಯಾವ ಗುಂಡಿ ಒತ್ತಬೇಕೆಂದು ಹೇಳಿಕೊಟ್ಟರು. ಚಿಕ್ಕಣ್ಣ ಕಲಿತದ್ದು ಆ ಒಂದೇ ಗುಂಡಿ. ಇದಕ್ಕೆ ರೀಲೇ ಬೇಡ, ಒಳಗೆ ಒಂದು ಪುಟ್ಟ ಕಾರ್ಡಿದೆ, ಎಲ್ಲ ಅದರಲ್ಲೇ ಕೂರುತ್ತದೆ ಎಂದು ಕೇಳಿದಾಗ ಅವನು ಆ ಕ್ಯಾಮೆರಾವನ್ನು ಕಣ್ಣಿಗೊತ್ತಿಕೊಂಡಿದ್ದ. ತೆಗೆದದ್ದನ್ನು ಹಿಂದಿನ ಪರದೆಯಲ್ಲಿ ನೋಡಬಹುದು ಎಂದೂ ಮೇಷ್ಟ್ರು ಹೇಳಿದ್ದರು, ಆದರೆ ಬೆಂಕಿಪೊಟ್ಟಣದಷ್ಟಿದ್ದ ಆ ಪರದೆಯಲ್ಲಿ ಅವನ ಕಣ್ಣಿಗೆ ಏನೂ ಹತ್ತುತ್ತಿರಲಿಲ್ಲ.

ಇನ್ನು ಸೊಸೆ ವಾಣಿ. ಹೊಲಿಗೆ ಅಂಗಡಿ ಇಟ್ಟುಕೊಂಡವಳು, ಮಾವನನ್ನು ಚೆನ್ನಾಗಿಯೇ ನೋಡಿಕೊಳ್ಳುವವಳು. ಆದರೆ ಒಮ್ಮೆ ಬೇಡ ಅಂದರೆ ಬ್ರಹ್ಮ ಬಂದರೂ ಬೇಡವೇ. ಹೋದ ವರ್ಷ ಭವ್ಯಶ್ರೀ ಕೈ ಉಳುಕಿಸಿಕೊಂಡು ಬಂದ ದಿನ ವಾಣಿ, ತಾನಿನ್ನು ಕುಸ್ತಿ ನಡೆಯುವ ದಿಕ್ಕಿಗೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಸಾರಿಬಿಟ್ಟಿದ್ದಳು. ಈಗ ನೋಡಿದರೆ ಭವ್ಯಶ್ರೀಗೆ ಹಾಸ್ಟೆಲಿನಲ್ಲಿದ್ದು ತರಬೇತಿ ಪಡೆಯುವ ಅವಕಾಶ ಬಂದಿತ್ತು. ಕೋಚ್‌ಗೆ ಸೋಮವಾರ ಸಂಜೆಯೊಳಗೆ ಹೂಂ ಅನ್ನಬೇಕು, ಇಲ್ಲವಾದರೆ ಜಾಗ ಬೇರೆಯವರಿಗೆ. ಮಗ ರಾಜೇಶ, ಸರಕಿನ ಆಟೊ ಓಡಿಸುವವನು, ಅವಳಮ್ಮನ್ನೇ ಕೇಳಿ ಎಂದು ಹೇಳಿ ಜಾರಿಕೊಂಡ. ವಾಣಿ ಭಾನುವಾರ ಇಡೀ ದಿನ ಮದುವೆಮನೆಯ ರವಿಕೆಗಳನ್ನು ಹೊಲಿಯುತ್ತಾ ಅಂಗಡಿಯಲ್ಲೇ ಇದ್ದಳಂತೆ. ರಾತ್ರಿ ಗೆದ್ದ ಸುದ್ದಿ ಹೇಳಿದರೆ ಸೊಪ್ಪು ಸೋಸುತ್ತಿದ್ದವಳು ತಲೆ ಸಹ ಎತ್ತಲಿಲ್ಲ. ಚಿಕ್ಕಣ್ಣ ಬಿಡದೆ ಗೋಗರೆದ ಮೇಲೆ ಬಾಯಿ ಬಿಟ್ಟಳು.

“ಆಯ್ತು ಮಾವ, ಬೆಳಗ್ಗೆ ಫೋಟೊ ಮಾಡ್ಸಿಡಿ, ಅಂಗಡಿಗೆ ಹೋಗ್ತಾ ಬಂದು ನೋಡ್ತೀನಿ. ಅವಳ ಮುಖ ನೋಡ್ಬುಟ್ಟೇ ಹೇಳೋದು.”

ಮಗಳ ಮುಖದಲ್ಲಿ ನೋವು ಕಂಡರೆ ಇಲ್ಲ ಎನ್ನುವಳು, ಅಷ್ಟು ಚಿಕ್ಕಣ್ಣನಿಗೂ ಗೊತ್ತು. ಆದರೆ ಆ ಮುಖವನ್ನು ಅವನು ನೋಡಿದ್ದನಲ್ಲ. ಹಾಗಾಗಿ ಜೆರಾಕ್ಸ್ ಅಂಗಡಿಯ ಅಭಿಲಾಷ್ ಬಂದು ಬಾಗಿಲೆತ್ತುತ್ತಿದ್ದಂತೆ ಗೆದ್ದವನ ಗತ್ತಿನಲ್ಲೇ ಒಳಗೆ ನುಗ್ಗಿದ. ಅಷ್ಟರಲ್ಲಿ ನಾಲ್ಕಾರು ಜನ ಸೇರಿದ್ದರು. ಅಭಿಲಾಷ್ ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಯಾರದೋ ಆಧಾರ್ ಕಾರ್ಡು ಅಚ್ಚು ಹಾಕುತ್ತಿದ್ದ. ಚಿಕ್ಕಣ್ಣ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟ.

“ಇದ್ರಲ್ಲಿರೋ ಫೋಟೊನೆಲ್ಲಾ ತೆಗ್ದುಬುಡಪ್ಪ.”

ನಮ್ಮ ಕನ್ನಡದಲ್ಲಿ ಈ ‘ತೆಗೆ’ ಎಂಬ ಮಾತು ಬಹಳ ಉಪಕಾರಿ, ಅಷ್ಟೇ ಅಪಾಯಕಾರಿ. ಬಾಗಿಲನ್ನೂ ತೆಗೆಯುತ್ತೇವೆ, ಫೋಟೊವನ್ನೂ ತೆಗೆಯುತ್ತೇವೆ, ಕಸವನ್ನೂ ತೆಗೆಯುತ್ತೇವೆ. ಚಿಕ್ಕಣ್ಣ ಹೇಳಿದ್ದು ಕಣಜದಿಂದ ರಾಗಿ ತೆಗೆಯುವ ಅರ್ಥದಲ್ಲಿ. ಅಭಿಲಾಷನ ಕಿವಿಗೆ ಬಿದ್ದದ್ದು ಕಸ ತೆಗೆಯುವ ಅರ್ಥದಲ್ಲಿ. ಹಳೇ ಕ್ಯಾಮೆರಾ, ಯಾರಿಗೋ ಕೊಡುವುದಕ್ಕೆ ಖಾಲಿ ಮಾಡಿಸುತ್ತಿದ್ದಾರೆ ಅಂದುಕೊಂಡ. ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಪಾಪ, ಒಂದು ಮಾತು ಕೇಳಿದ.

“ಎಲ್ಲಾನೂ ತೆಗೀಲಾ ಪೈಲ್ವಾನ್ರೇ? ಒಂದೂ ಉಳಿಯಲ್ಲ ನೋಡಿ.”

“ಒಂದೂ ಬುಡಬ್ಯಾಡ ಕಣಪ್ಪ. ಎಲ್ಲಾ ತೆಗಿ.”

ಇಷ್ಟು ಬೇಗ ಆಯಿತೇ ಎಂದು ಬೆರಗಾಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಚಿಕ್ಕಣ್ಣ ಪಂಚೆ ಸರಿಮಾಡಿಕೊಂಡು ಪರದೆಯ ಮುಂದೆ ಬಗ್ಗಿ, ಎಲ್ಲಿ ತೋರಿಸು ಎಂದ. ತೋರಿಸುವುದಕ್ಕೆ ಏನಿದೆ, ಕಾರ್ಡು ಖಾಲಿ ಎಂದ ಅಭಿಲಾಷ್. ಇಬ್ಬರೂ ಮುಖ ಮುಖ ನೋಡಿಕೊಂಡರು. ಆಗಿದ್ದೇನೆಂದು ಮೊದಲು ಹೊಳೆದದ್ದು ಅಭಿಲಾಷನಿಗೆ. ಅವನು ಕಿವಿಯಲ್ಲಿದ್ದ ಫೋನನ್ನು ಕೆಳಗಿಟ್ಟ.

ಚಿಕ್ಕಣ್ಣ ಹೋಗಿ ಬೆಂಚಿನ ಮೇಲೆ ಕುಳಿತ. ಹೋಗಿ ಬೆಂಚಿನ ಮೇಲೆ ಕುಳಿತ. ಆ ಸ್ಟುಡಿಯೊದವನಾದರೂ ರೀಲು ಹಾಕಿರಲಿಲ್ಲ, ಇಲ್ಲಿ ತಾನೇ ನಿಂತು ಹೇಳಿ ಅಳಿಸಿದ್ದಾಯಿತಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಮೊಮ್ಮಗಳ ದಾರಿಗೆ ತಾನೇ ಕಲ್ಲು ಹಾಕಿದ ಹಾಗಾಯಿತು. ಇನ್ನೇನು ವಾಣಿ ಬರುವ ಹೊತ್ತು.

ಅಭಿಲಾಷ್ ಬಂದು ಪಕ್ಕದಲ್ಲಿ ಕೂತು ಸಮಾಧಾನ ಹೇಳಿದ. ಅಳಿಸಿದರೂ ಫೋಟೊ ಆ ಕ್ಷಣಕ್ಕೇ ಹೋಗುವುದಿಲ್ಲ, ಮನೆ ಮುಂದಿನ ರಂಗೋಲಿ ಗುಡಿಸಿದರೂ ಗೆರೆ ಕಾಣುತ್ತದಲ್ಲ, ಹಾಗೆ ಕಾರ್ಡಿನಲ್ಲಿ ಉಳಿದಿರುತ್ತದೆ, ಅದರ ಮೇಲೆ ಹೊಸದು ಬೀಳಬಾರದು ಅಷ್ಟೆ, ಹುಡುಕಿ ಎತ್ತುವ ಸಾಫ್ಟ್‌ವೇರ್ ತನ್ನ ಹತ್ತಿರ ಇದೆ ಎಂದ. ಚಿಕ್ಕಣ್ಣನಿಗೆ ಅರ್ಥವಾದದ್ದು ರಂಗೋಲಿ ಒಂದೇ. ಅದಷ್ಟೇ ಸಾಕಾಯಿತು, ಎದ್ದು ನಿಂತ.

“ಏನಾರ ಮಾಡಪ್ಪ. ತೆಗಿ ಅಂತ ಮಾತ್ರ ಇನ್ ನನ್ ಬಾಯಲ್ಲಿ ಬರಾಕಿಲ್ಲ.”

ಪರದೆಯ ಮೇಲೆ ಹಸಿರು ಪಟ್ಟಿಯೊಂದು ತೆವಳತೊಡಗಿತು. ಜೆರಾಕ್ಸಿಗೆ ಬಂದವರು ತಮ್ಮ ಕೆಲಸ ಮರೆತು ಹಿಂದೆ ಬಂದು ನಿಂತರು. ಒಬ್ಬರು ಇನ್ನೇನು ಬಂತು ಎನ್ನುವರು, ಇನ್ನೊಬ್ಬರು ಸ್ವಲ್ಪ ತಡೀರಿ ಎನ್ನುವರು. ಚಿಕ್ಕಣ್ಣ ಮಂಡಿಗೆ ಕೈಯೂರಿ ಬಗ್ಗಿ, ಅಖಾಡದ ಅಂಚಿನಲ್ಲಿ ನಿಂತ ಉಸ್ತಾದನ ಹಾಗೆ ಆ ಪಟ್ಟಿಯನ್ನೇ ಹುರಿದುಂಬಿಸುತ್ತಿದ್ದ. ಆ ಗದ್ದಲಕ್ಕೇ ವಾಣಿ ಬಂದಳು. ಏನಾಯಿತೆಂದು ಯಾರೋ ಉತ್ಸಾಹದಲ್ಲಿ ಎಲ್ಲವನ್ನೂ ಹೇಳಿಯೂ ಬಿಟ್ಟರು. ಅವಳು ಮಾವನನ್ನು ಒಮ್ಮೆ ನೋಡಿ, ಕುರ್ಚಿ ಎಳೆದುಕೊಂಡು ಕೂತಳು.

ಮೊದಲು ಬಂದದ್ದು ಆಕಾಶ. ಆಮೇಲೆ ಯಾರದೋ ಬೆನ್ನು. ಆಮೇಲೆ ಚಿಕ್ಕಣ್ಣನದೇ ಚಪ್ಪಲಿ. ಆಮೇಲೆ, ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೆ ಹೋ ಎಂದರು, ಭವ್ಯಶ್ರೀ ಬಂದಳು. ಎದುರಾಳಿಯ ಭುಜಗಳು ನೆಲಕ್ಕಂಟಿದ್ದವು, ಅವಳ ಕೈ ಮೇಲೇಳುತ್ತಿತ್ತು. ಚಿಕ್ಕಣ್ಣನಿಗೆ ಆ ಕ್ಷಣ ಬೆಳ್ಳಿ ಗದೆ ತಿರುಗಿ ಹೆಗಲಿಗೆ ಬಂದಷ್ಟು ಸಂತೋಷವಾಯಿತು. ತೊಡೆ ತಟ್ಟಿಕೊಂಡ.

ವಾಣಿ ಮಾತ್ರ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು. ತುಂಬ ಹೊತ್ತು ನೋಡಿದಳು. ಸೆರಗಿನ ತುದಿಯಿಂದ ಮಗಳ ಕೆನ್ನೆಯಿದ್ದ ಕಡೆ ಗಾಜನ್ನು ಒರೆಸಿದಳು. ಆಮೇಲೆ ಮುಖ ತುಂಬ ಬರೀ ಮಣ್ಣು, ನಗುವೋ ನೋವೋ ಗೊತ್ತಾಗುತ್ತಿಲ್ಲ ಎಂದು ಹೇಳಿ ಚೀಲ ತೆಗೆದುಕೊಂಡು ಎದ್ದಳು.

ಆಗ ಇನ್ನೊಂದು ಫೋಟೊ ಬಂತು. ಮೊಮ್ಮಗಳು ಗೆದ್ದ ಮರುಕ್ಷಣ ಚಿಕ್ಕಣ್ಣ ಖುಷಿ ತಡೆಯಲಾರದೆ ಜನರ ಕಡೆ ತಿರುಗಿ ಎರಡೂ ಕೈ ಎತ್ತಿ ಕೂಗಿದ್ದ, ಬೆರಳು ಗುಂಡಿಯ ಮೇಲೇ ಇತ್ತು. ಬಂದದ್ದು ಜನರ ಫೋಟೊ. ಗಂಡಸರ ತಲೆಗಳ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಒಬ್ಬ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಮುಷ್ಟಿ ಎತ್ತಿ, ಬಾಯಿ ಅಗಲಿಸಿ ಕೂಗುತ್ತಿದ್ದಳು. ಅವಳ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಚಿಕ್ಕಣ್ಣ ಕಣ್ಣುಜ್ಜಿಕೊಂಡು ನೋಡಿದ. ಅವನಿಗಿಂತ ಮೊದಲು ಮಾತಾಡಿದವಳು ವಾಣಿ.

“ಇದ್ನ ಬೆಳಗ್ಗೆ ಚಾರ್ಜಿಗೆ ಹಾಕ್ದಾಗ್ಲೇ ಅಳಿಸ್ಬುಟ್ಟಿದ್ನಲ್ಲ.”

ಹುಡುಕುವಾಗ ಮೊದಲು ಅಳಿಸಿದ್ದೂ ಎದ್ದು ಬರುತ್ತದೆ ಅಕ್ಕ ಎಂದು ಅಭಿಲಾಷ್ ಮೆಲ್ಲಗೆ ಹೇಳಿದ. ವಾಣಿ ನಾಲಿಗೆ ಕಚ್ಚಿಕೊಂಡಳು. ಅವಳ ಮುಖ ಕೆಂಪಗಾದದ್ದನ್ನು ನೋಡಿ ಚಿಕ್ಕಣ್ಣನಿಗೆ ನಗು ಉಕ್ಕಿ ಬಂತು, ಕಣ್ಣಲ್ಲಿ ನೀರೂ ಬಂತು. ರವಿಕೆ ಹೊಲಿಯುತ್ತಿದ್ದವಳು ಅಲ್ಲಿಗೆ ಯಾವಾಗ ಬಂದೆ ಎಂದು ಕೇಳಬಹುದಿತ್ತು. ಕೇಳಲಿಲ್ಲ.

“ಕುರ್ಚಿ ಮ್ಯಾಲೆ ಯಾಕೆ ಹತ್ತಿದ್ಯವ್ವ?” ಎಂದಷ್ಟೇ ಕೇಳಿದ.

ವಾಣಿ ಪರದೆಯನ್ನೂ ನೋಡಲಿಲ್ಲ, ಮಾವನನ್ನೂ ನೋಡಲಿಲ್ಲ. ಚೀಲದಿಂದ ಮೊಬೈಲು ಹೊರತೆಗೆದಳು.

“ಕೋಚ್ ನಂಬರ್ ಹೇಳಿ ಮಾವ, ನಾನೇ ಮಾತಾಡ್ತೀನಿ. ಇನ್ಮೇಲೆ ಮುಂದ್ಗಡೆ ಎರಡು ಜಾಗ ಹಿಡೀರಿ. ಹಿಂದೆ ನಿಂತ್ರೆ ಮಗು ಮುಖಾನೇ ಕಾಣಲ್ಲ.”