ಪಾಮಿರದ ಗೆಳೆಯ ತಿರ್ಲಾಪುರಕ್ಕೆ ಬಂದದ್ದು

ಎಂಬತ್ತರ ದಶಕದ ನಡುವೆ, ಸೋವಿಯತ್ ದೇಶದ ಹತ್ತಿ ತಜ್ಞರ ತಂಡದ ಜೊತೆ ಧಾರವಾಡಕ್ಕೆ ಬಂದಿದ್ದ ನನ್ನ ಗೆಳೆಯನನ್ನು ಒಂದು ಮಧ್ಯಾಹ್ನದ ಮಟ್ಟಿಗೆ ತಿರ್ಲಾಪುರದ ನಮ್ಮ ಮನೆಗೆ ಕರೆತಂದೆ. ತಾಷ್ಕೆಂಟಿನಲ್ಲಿ ಕೃಷಿ ಓದುವಾಗ ಐದು ವರ್ಷ ಒಂದೇ ಕೋಣೆಯಲ್ಲಿದ್ದವರು ನಾವು. ಅವನು ಸೋವಿಯತ್ ದೇಶದ ದಕ್ಷಿಣದ ಅಂಚಿನ ಪಾಮಿರ ಪರ್ವತದವನು. "ಸರ್ಕಾರಿ ಕಾಗದದಲ್ಲಿ ನಮ್ಮನ್ನು ತಾಜಿಕ್ ಎಂದು ಬರೆಯುತ್ತಾರೆ, ನಾವು ಪಾಮಿರಿಗಳು, ನಮ್ಮ ಮಾತೇ ಬೇರೆ," ಎಂದು ಸಾರಿ ಸಾರಿ ಹೇಳುತ್ತಿದ್ದ. ನಾನು ಹೂಂಗುಟ್ಟುತ್ತಿದ್ದೆ, ಅಷ್ಟೆ.

ಅವತ್ತು ಬೆಳಗಿನಿಂದಲೇ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸಂಜೆ ಐದರೊಳಗೆ ಅವನನ್ನು ವಾಪಸು ಧಾರವಾಡಕ್ಕೆ ಮುಟ್ಟಿಸಬೇಕು. ಮನೆಯಲ್ಲಿ ಏನು ಎಡವಟ್ಟಾಗುತ್ತದೋ ಎಂಬ ದಿಗಿಲು ಬೇರೆ. ಆದದ್ದೂ ಹಾಗೆಯೇ. ಅಪ್ಪ ಕೈ ಮುಗಿದರೆ ಇವನು ಆ ಕೈಯನ್ನೇ ಹಿಡಿದು ಮುತ್ತಿಟ್ಟ. ಆಮೇಲೆ ತನ್ನ ಕೈಯನ್ನು ಅಪ್ಪನ ತುಟಿಯ ಹತ್ತಿರ ಹಿಡಿದು ಕಾದ. ಅವರಲ್ಲಿ ಭೇಟಿಯಾದಾಗ ಒಬ್ಬರ ಕೈಗೊಬ್ಬರು ಮುತ್ತಿಡುತ್ತಾರೆ, ನನಗೆ ಗೊತ್ತಿತ್ತು. ಹಣೆ ತುಂಬ ವಿಭೂತಿ ಹಚ್ಚಿಕೊಂಡಿದ್ದ ಅಪ್ಪ ಕಕ್ಕಾಬಿಕ್ಕಿ. ಬಾಗಿಲಲ್ಲಿ ನೆರೆದಿದ್ದ ಓಣಿಯವರು ಕಿಸಕ್ಕೆಂದರು.

"ರಷ್ಯಾದವರು ಹಿಂಗ ಮಾಡ್ತಾರ, ಬಿಡ್ರಿ," ಎಂದು ಗಡಿಬಿಡಿಯಲ್ಲಿ ಹೇಳಿಬಿಟ್ಟೆ. ರಷ್ಯಾ ಎಂದದ್ದು ಗೆಳೆಯನಿಗೆ ತಿಳಿಯಿತು. ಕೈ ಹಿಂದಕ್ಕೆಳೆದುಕೊಂಡ.

ರೊಟ್ಟಿ ಊಟಕ್ಕೆ ಕೂತಾಗ ಅವನು ತಲೆ ಎತ್ತಿ ನಮ್ಮ ಮಣ್ಣಿನ ಮಾಳಿಗೆಯ ಬೆಳಕಿಂಡಿ ನೋಡಿದ, ಕಂಬಗಳನ್ನು ಎಣಿಸಿದ, ಮುಖ ಅರಳಿತು. "ನಮ್ಮ ಮನೆಗೂ ಹೀಗೇ ನೆತ್ತಿಯ ಮೇಲೆ ಬೆಳಕಿಂಡಿ. ಕಂಬ ಮಾತ್ರ ಐದು. ಒಂದೊಂದಕ್ಕೂ ಒಂದು ಹೆಸರು," ಎಂದು ರಷ್ಯನ್ ಭಾಷೆಯಲ್ಲಿ ಹೇಳಿದ. ಗಡಿಯಾರ ನೋಡುತ್ತಲೇ ಅದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ.

"ರಷ್ಯಾದಾಗ ಇಂಥಾ ಮನಿ ಇರ್ತಾವೇನಲೇ?" ಅಪ್ಪ ಕೈಯಲ್ಲಿದ್ದ ತುತ್ತು ಬಿಟ್ಟರು. "ಖರೇ ಹೇಳು, ಯಾರು ಇವರು?"

"ಪಾಮಿರಿಗಳು ಅಂತಾರ್ರಿ. ಗುಡ್ಡದ ಮಂದಿ. ಅವರ ಮಾತೂ ಬ್ಯಾರೆ."

"ಮೊದಲ ಯಾಕ ಹೇಳಲಿಲ್ಲ? ತಮ್ಮ ಮನಿ ಮಾತಿನ್ಯಾಗ ನಾಕು ಮಾತು ಆಡ್ಲಿ. ಕೇಳೂಣು."

ನಾನು ತಿಳಿಸಿದೆ. ಗೆಳೆಯ ಅಪ್ಪನ ಕಡೆ ತಿರುಗಿ ಮೆಲ್ಲಗೆ ಮಾತಾಡತೊಡಗಿದ. ಬಾಗಿಲಲ್ಲಿದ್ದವರೂ ಕತ್ತು ಚಾಚಿ ಕೇಳಿದರು.

ಅವನು ಮುಗಿಸಿದ ಮೇಲೆ ಅಪ್ಪ ನನ್ನತ್ತ ನೋಡಿದರು. "ಏನಂದ್ರು?"

ಆ ಭಾಷೆಯ ಒಂದು ಶಬ್ದವೂ ನನಗೆ ಬರುತ್ತಿರಲಿಲ್ಲ. ಕಲಿಸು ಎಂದು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ನನಗೂ ಗೊತ್ತಾಗಲಿಲ್ರಿ, ಯಪ್ಪಾ," ಅಂದೆ.