ಅಜ್ಜಂಪುರದ ದೊಡ್ಡ ಕಂಪನಿ

ಮೊದಲ ಮಹಾಯುದ್ಧ ಮುಗಿದ ಮರುವರ್ಷ ನಾನು ತರೀಕೆರೆ ತಾಲ್ಲೂಕಿನ ಅಮಲ್ದಾರನಾಗಿದ್ದೆ. ಕಂದಾಯದ ಹೊಣೆಯೆಲ್ಲ ನನ್ನದು. ಖಜಾನೆ ಸೊರಗಿತ್ತು. ರೈತರನ್ನು ಹಿಂಡುವ ಬದಲು ದೊಡ್ಡ ಕಂಪನಿಗಳ ಮೇಲೆ ಹೆಚ್ಚು ತೆರಿಗೆ ಹಾಕಿ ಎಂದು ಮೇಲಿನಿಂದ ಆದೇಶ ಬಂತು. ನನಗೆ ಎಲ್ಲಿಲ್ಲದ ಸಂತೋಷ. ದೊಡ್ಡವರು ಕೊಟ್ಟರೆ ಸರ್ಕಾರದ ಕಷ್ಟ ತೀರಿಯೇ ಹೋಯಿತೆಂದು ನಂಬುವ ವಯಸ್ಸು ಅದು.

ಹೋಬಳಿಗಳ ಶೇಕದಾರರಿಗೆ ಬರೆದೆ: ನಿಮ್ಮಲ್ಲಿರುವ ಅತಿ ದೊಡ್ಡ ಕಂಪನಿ ಯಾವುದು ತಿಳಿಸಿ, ತೆರಿಗೆ ಕಟ್ಟುವವರೆಗೆ ಅದರ ಸಾಮಾನು ಊರು ಬಿಡಕೂಡದು. ಅಜ್ಜಂಪುರದಿಂದ ಮೂರೇ ದಿನಕ್ಕೆ ಉತ್ತರ ಬಂತು. ನಲವತ್ತು ಜನ, ಹನ್ನೆರಡು ಗಾಡಿ ಸಾಮಾನು, ಎಲ್ಲವನ್ನೂ ಸ್ಟೇಷನ್ನಿನಲ್ಲಿ ತಡೆದಿದ್ದೇನೆ ಎಂದಿತ್ತು. ಎಂಥ ಚುರುಕಿನ ಶೇಕದಾರ ಎಂದು ಬೀಗಿದೆ.

ಮರುದಿನ ಬೆಳಿಗ್ಗೆ ಆ ಕಂಪನಿಯ ಮಾಲೀಕರು ಕಚೇರಿಗೆ ಬಂದರು. ರುದ್ರಪ್ಪ ಎಂದು ಹೆಸರು. ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿತ್ತು.

"ಸ್ವಾಮಿ, ನಾಳೆ ಸಂಜೆ ಕಡೂರ್ನಾಗೆ ನಾಟ್ಕ ಐತೆ. ಪರದೆ, ಕಿರೀಟ, ಗದೆ ಎಲ್ಲಾ ಅಜ್ಜಂಪುರದಾಗೇ ಕೂತವೆ. ಈ ಆಟ ತಪ್ಪಿದ್ರೆ ನಲವತ್ತು ಜನಾನೂ ದಿಕ್ಕಾಪಾಲಾಗ್ತಾರೆ."

ನಾನು ತಡೆದದ್ದು ನಾಟಕ ಕಂಪನಿಯನ್ನು!

ಅವರನ್ನೇ ಜಟಕಾದಲ್ಲಿ ಕೂರಿಸಿಕೊಂಡು ಅಜ್ಜಂಪುರಕ್ಕೆ ಓಡಿದೆ. ಶೇಕದಾರನಿಗೆ ಅಳುಕೇ ಇರಲಿಲ್ಲ. "ಕಂಪನಿ ಅಂತ ತಾವೇ ಬರ್ದಿದ್ರಿ ಸ್ವಾಮಿ. ಇದಕ್ಕಿಂತ ದೊಡ್ಡ ಕಂಪನಿ ನಮ್ಮೂರಿಗೆ ಯಾವತ್ತೂ ಬಂದಿಲ್ಲ."

"ಸ್ಟೇಷನ್ ಪಕ್ಕದ ಹತ್ತಿ ಮಿಲ್ಲು?"

"ಅದು ಸಾವ್ಕಾರ್ರ ಅಂಗ್ಡಿ. ಅದನ್ನ ಯಾರು ಕಂಪನಿ ಅಂತಾರೆ?"

ಆ ಪದ ಬರೆದವನು ನಾನೇ. ನಿಂತ ಕಾಲಲ್ಲೇ ಸಾಮಾನು ಬಿಡಿಸಿದೆ. ಪರದೆಗಳು ರೈಲು ಹತ್ತಿದ ಮೇಲೆಯೇ ನಾನು ನೀರು ಕುಡಿದದ್ದು.

ಆಮೇಲೆ ಮಿಲ್ಲಿಗೆ ಹೋದೆ. ಹೊಸ ತೆರಿಗೆಯೆಂದರೆ ಸಾಹುಕಾರರು ಹೌಹಾರುತ್ತಾರೆಂದುಕೊಂಡಿದ್ದೆ. ಅವರು ನಗುತ್ತಲೇ ಎಲೆ ಅಡಿಕೆ ತಟ್ಟೆ ನನ್ನತ್ತ ಸರಿಸಿದರು. "ಹಾಕಿ ಸ್ವಾಮಿ, ಅದಕ್ಕೇನಂತೆ? ಹತ್ತಿ ತರೋರ ರೇಟ್ನಾಗೆ ಮುರ್ಕಂತೀನಿ."

ಹತ್ತಿ ತರುವವರೆಂದರೆ ಅದೇ ರೈತರು. ನಾನು ಎಲೆ ಮುಟ್ಟದೆ ಎದ್ದು ಬಂದೆ. ತೆರಿಗೆ ಹಾಕುವುದೇನೋ ಸರಿ; ಹತ್ತಿಯ ಬೆಲೆಯ ಮೇಲೂ ಕಣ್ಣಿಡದಿದ್ದರೆ ಭಾರ ತಿರುಗಿ ರೈತನ ಹೆಗಲಿಗೇ ಬೀಳುತ್ತದೆ, ಇದೊಂದರಿಂದಲೇ ಖಜಾನೆ ತುಂಬದು ಎಂದು ಮೇಲಕ್ಕೆ ಬರೆದೆ. ಜೊತೆಗೆ ನನ್ನ ತಪ್ಪನ್ನೂ ಒಪ್ಪಿಕೊಂಡೆ.

ಮರುಸಂಜೆ ಕಡೂರಿನಲ್ಲಿ ರುದ್ರಪ್ಪನವರು ನನ್ನನ್ನು ಬಲವಂತವಾಗಿ ಮುಂದಿನ ಸಾಲಿನಲ್ಲಿ ಕೂರಿಸಿದರು. ರಾಜನ ವೇಷ ಅವರದೇ. ಆಸ್ಥಾನದ ವಿದೂಷಕ ನನ್ನತ್ತ ಕೈ ತೋರಿಸಿ, "ಪ್ರಭು, ಕಿರೀಟ ಇಟ್ಕಂಡೋರೆಲ್ಲ ರಾಜ್ರೇ ಅಂತ ಅಮಲ್ದಾರ್ರು ತಿಳ್ಕಂಡವ್ರೆ!" ಎಂದ. ರುದ್ರಪ್ಪ ಕಿರೀಟ ತೆಗೆದು ಒಳಗಿನ ರಟ್ಟನ್ನು ಸಭೆಗೆ ತೋರಿಸಿದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಎದೆಯ ಮೇಲಿನ ಕಲ್ಲು ಇಳಿದಿತ್ತು.

ನಿವೃತ್ತನಾಗುವವರೆಗೂ ತೆರಿಗೆಯ ಯಾವ ಕಾಗದ ಬಂದರೂ ರುಜು ಹಾಕುವ ಮೊದಲು ಅಂಚಿನಲ್ಲಿ ಒಂದು ಸಾಲು ಬರೆಯುತ್ತಿದ್ದೆ: "ಇದನ್ನು ಕೊನೆಗೆ ಕಟ್ಟುವವರು ಯಾರು?"