ಹಸಿರು ಚುಕ್ಕೆಯ ಕಾವಲು

ನಮ್ಮ ಭಾವ ನೀರೆತ್ತುವ ಪಂಪು ತಯಾರಿಸುವ ಕಂಪನಿಯೊಂದರಲ್ಲಿ ದೂರು ವಿಭಾಗದ ಮುಖ್ಯಸ್ಥರು. ಪಂಪು ಕೆಟ್ಟವರು ಫೋನ್ ಮಾಡುತ್ತಾರೆ, ವಿಭಾಗದ ಎಂಟು ಜನ ಉತ್ತರ ಹೇಳುತ್ತಾರೆ, ಭಾವ ಆ ಎಂಟು ಕುರ್ಚಿಗಳ ಹಿಂದೆ ನಡೆದಾಡುತ್ತಾರೆ. ಇಪ್ಪತ್ತೆರಡು ವರ್ಷ ಅವರು ನಡೆಸಿದ ಆಡಳಿತ ಇಷ್ಟೇ. ಆದರೆ ಇಷ್ಟನ್ನು ಅವರಷ್ಟು ಚೆನ್ನಾಗಿ ಮಾಡಿದವರು ಇನ್ನೊಬ್ಬರಿಲ್ಲ. ರಬ್ಬರ್ ಅಟ್ಟೆಯ ಬೂಟು, ಬೆನ್ನ ಹಿಂದೆ ಕಟ್ಟಿದ ಕೈ. ಅವರು ಯಾರ ಹಿಂದೆ ನಿಂತರೂ ಆ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಆಫೀಸಿನವರು ಅವರಿಗೆ ಹಿಂಬದಿ ಸಾಹೇಬರು ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಬಿರುದೆಂದು ತಿಳಿದು ಸುಮ್ಮನಿದ್ದರು.

ಹೀಗಿರುವಾಗ ಕಂಪನಿ, ಇನ್ನು ಮುಂದೆ ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ, ಎರಡೇ ದಿನ ಆಫೀಸು ಎಂದು ನಿಯಮ ಮಾಡಿತು. ಭಾವನಿಗೆ ಕೈಕಾಲು ಕತ್ತರಿಸಿದ ಹಾಗಾಯಿತು. ಕಂಪ್ಯೂಟರ್ ಪರದೆಯ ಮೇಲೆ ಕಾಣುವುದು ಎಲ್ಲರ ಮುಖ. ಮುಖ ನೋಡಿ ಅವರಿಗೆ ಅಭ್ಯಾಸವಿರಲಿಲ್ಲ.

ಮೊದಲ ವಾರ ಅವರು ಮನೆಯಲ್ಲೇ ರೌಂಡ್ಸ್ ಶುರು ಮಾಡಿದರು. ಅಕ್ಕ ಬೀನ್ಸ್ ಹೆಚ್ಚುತ್ತಿದ್ದರೆ ಹಿಂದೆ ಬಂದು ನಿಲ್ಲುವುದು, ಒಂದು ನಿಮಿಷ ನೋಡುವುದು, ‘ಹೂಂ’ ಎಂದು ಮುಂದಕ್ಕೆ ಹೋಗುವುದು. ಮೂರನೆಯ ದಿನ ಅಕ್ಕ ತಿರುಗಿಯೂ ನೋಡದೆ ಚಾಕುವಿನ ಹಿಡಿಯನ್ನು ಅವರ ಕೈಗೆ ಕೊಟ್ಟು ಹೊರಗೆ ಹೋದಳಂತೆ. ಅಡುಗೆಮನೆಯ ರೌಂಡ್ಸ್ ಅಲ್ಲಿಗೆ ನಿಂತಿತು.

ಅಷ್ಟರಲ್ಲಿ ಕಂಪನಿಯಿಂದ ಇನ್ನೊಂದು ಆದೇಶ ಬಂತು. ವಿಭಾಗದ ಮುಖ್ಯಸ್ಥರೆಲ್ಲ ಹೊಸ ಕೌಶಲ ಕಲಿಯಬೇಕು; ಮೂರು ತಿಂಗಳ ತರಬೇತಿ, ಕೊನೆಗೆ ಸಮಿತಿಯ ಮುಂದೆ ಪರೀಕ್ಷೆ. ದಾಟದಿದ್ದವರಿಗೆ ಗೋದಾಮಿನ ಹಿಂದಿರುವ ಹಳೆಯ ಕಡತಗಳ ಕೋಣೆ. ಭಾವನ ಸರದಿ ಬರುವ ಹೊತ್ತಿಗೆ ಮೊದಲ ತಂಡದ ಇಬ್ಬರು ಮುಖ್ಯಸ್ಥರು ಆ ಕೋಣೆ ಸೇರಿದ್ದರು. ಅಲ್ಲಿ ಕೈಕೆಳಗೆ ಎಂಟು ಜನವಲ್ಲ, ಒಬ್ಬನೂ ಇರುವುದಿಲ್ಲ. ಕೆಳಗೆ ಯಾರೂ ಇಲ್ಲದ ಮುಖ್ಯಸ್ಥನೆಂದರೆ ಏನರ್ಥ ಎಂದು ಭಾವ ನನ್ನನ್ನು ಕೇಳಿದರು. ಮನೆಯಲ್ಲೇ ಕೂತು ಬರೆಯುವವನು ನಾನು. ನನ್ನ ಕೆಳಗಿರುವುದು ಕುರ್ಚಿ ಮಾತ್ರ, ಅದರಲ್ಲೂ ಒಂದು ಕಾಲು ಅಲ್ಲಾಡುತ್ತದೆ. ನಾನೇನು ಹೇಳಲಿ?

ತರಬೇತಿ ಕೊಟ್ಟವಳು ಅವರ ಮಗಳ ವಯಸ್ಸಿನ ಹುಡುಗಿ. ನಂಬಿಕೆ, ಆಲಿಸುವಿಕೆ, ಫಲಿತಾಂಶ ನೋಡಿ ಆಳುವುದು ಇತ್ಯಾದಿ ಹದಿನಾಲ್ಕು ಪಾಠ ಮಾಡಿದಳು. ಭಾವ ಅಚ್ಚುಕಟ್ಟಾಗಿ ನೋಟ್ಸ್ ಬರೆದರು. ಆಲಿಸುವಿಕೆಯ ಪಾಠದ ನೋಟ್ಸನ್ನಂತೂ ನನಗೆ ಗಟ್ಟಿಯಾಗಿ ಓದಿ ಹೇಳಿದರು. ನಡುವೆ ನಾನು ಬಾಯಿ ತೆರೆದರೆ ಕೈ ಎತ್ತಿ ತಡೆದರು. ಆದರೆ ಅವರ ಮನಸ್ಸಿಗೆ ನಾಟಿದ್ದು ಪಾಠವಲ್ಲ, ಪಾಠದ ನಡುವೆ ಆ ಹುಡುಗಿ ಬಾಯಿತಪ್ಪಿ ಹೇಳಿದ ಒಂದು ಸಂಗತಿ. ಪರದೆಯಲ್ಲಿ ಪ್ರತಿಯೊಬ್ಬರ ಹೆಸರಿನ ಪಕ್ಕ ಒಂದು ಚುಕ್ಕೆಯಿರುತ್ತದೆ. ಕೆಲಸ ಮಾಡುತ್ತಿದ್ದರೆ ಹಸಿರು. ಐದು ನಿಮಿಷ ಕೀಲಿಮಣೆಯನ್ನಾಗಲಿ ಮೌಸನ್ನಾಗಲಿ ಮುಟ್ಟದಿದ್ದರೆ ಹಳದಿ.

ಭಾವನಿಗೆ ಹೋದ ಜೀವ ಬಂತು. ಎಂಟು ಬೆನ್ನುಗಳ ಬದಲು ಎಂಟು ಚುಕ್ಕೆಗಳು!

ಮರುದಿನದಿಂದ ಊಟದ ಮೇಜೇ ಕಾವಲುಗೋಪುರ. ಬೆಳಿಗ್ಗೆ ಒಂಬತ್ತಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಕಟ್ಟಿ ಕೂತು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಚುಕ್ಕೆ ಕಾಯುವುದು. ಯಾರದಾದರೂ ಹಳದಿಯಾದರೆ ಎರಡೇ ನಿಮಿಷಕ್ಕೆ ‘ಇದ್ದೀರಾ?’ ಎಂದು ಮೆಸೇಜು. ಅವರು ‘ಇದ್ದೇನೆ’ ಎಂದರೆ ಮತ್ತೆ ಕೈಕಟ್ಟುವುದು. ಜನರೂ ಹೊಸ ಕೌಶಲ ಕಲಿಯಲು ಹಿಂದೆ ಬೀಳಲಿಲ್ಲ. ಒಬ್ಬ ಮೌಸನ್ನು ಕೈಗಡಿಯಾರದ ಮೇಲಿಟ್ಟ. ಸೆಕೆಂಡು ಮುಳ್ಳು ಓಡಿದಂತೆಲ್ಲ ಅವನು ಕೆಲಸ ಮಾಡಿದ. ಇನ್ನೊಬ್ಬಳು ಮೌಸಿಗೆ ದಾರ ಕಟ್ಟಿ ಮಗುವಿನ ತೊಟ್ಟಿಲಿಗೆ ಸೇರಿಸಿದಳು. ಮಗು ಎಚ್ಚರವಿದ್ದಷ್ಟು ಹೊತ್ತೂ ತಾಯಿಯ ಚುಕ್ಕೆ ಹಸಿರು. ಇವರಿಬ್ಬರನ್ನೂ ಭಾವ ಮೆಚ್ಚಿಕೊಂಡು ಪತ್ರ ಬರೆದರು.

ಸಿಕ್ಕಿಬಿದ್ದವಳು ಫೋನಮ್ಮ. ವಿಭಾಗದ ಅತಿ ಹಳೆಯ ಗುಮಾಸ್ತೆ. ದಿನವಿಡೀ ಫೋನ್ ಕಿವಿಯಲ್ಲೇ ಇರುವುದರಿಂದ ಆ ಹೆಸರು. ಆಕೆಯ ರೀತಿಯೇ ಬೇರೆ. ‘ಫೋನನ್ನ ಪಂಪಿನ ಹತ್ರ ಹಿಡೀರಿ’ ಎಂದು ದೂರು ಕೊಟ್ಟವರಿಗೆ ಹೇಳಿ, ಮೌಸು ಬಿಟ್ಟು, ಕಣ್ಣು ಮುಚ್ಚಿ ಕೇಳುತ್ತಾಳೆ. ಪಂಪು ಕೆಮ್ಮುತ್ತಿದೆಯೋ, ಗೊರಕೆ ಹೊಡೆಯುತ್ತಿದೆಯೋ, ಬರಿದೇ ಗೊಣಗುತ್ತಿದೆಯೋ ಎಂದು ಗುರುತಿಸಿ ರೋಗ ಹೇಳುತ್ತಾಳೆ. ಹತ್ತಕ್ಕೆ ಒಂಬತ್ತು ಸರಿ. ಆ ಹೊತ್ತೆಲ್ಲ ಚುಕ್ಕೆ ಹಳದಿ. ಭಾವ ಆಕೆಗೆ ಮೂರು ಎಚ್ಚರಿಕೆ ಪತ್ರ ಕೊಟ್ಟರು.

ತರಬೇತಿಯಲ್ಲಿ ಕಲಿತ ಇನ್ನೊಂದು ವಿದ್ಯೆಯನ್ನೂ ಪ್ರಯೋಗಿಸಿದರು. ವಿಭಾಗದಲ್ಲಿ ಯಾರು ಎಷ್ಟು ಹೊತ್ತು ಹಸಿರು, ಎಷ್ಟು ಹೊತ್ತು ಹಳದಿ ಎಂಬ ಪಟ್ಟಿ ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ತಾನಾಗಿಯೇ ತಯಾರಾಗಿ ನೇರ ಡೈರೆಕ್ಟರಿಗೆ ಹೋಗುವ ಏರ್ಪಾಡು. ಸೋಮಾರಿಗಳ ಹೆಸರು ಮೇಲೆ. ಮೂರು ವಾರ ಹೋಯಿತು. ಅದನ್ನು ತೆರೆದು ನೋಡಲು ಭಾವನಿಗೆ ಪುರಸೊತ್ತಾಗಲಿಲ್ಲ, ಚುಕ್ಕೆ ಕಾಯಬೇಕಲ್ಲ.

ಪರೀಕ್ಷೆಯ ದಿನ ಸಮಿತಿಯಲ್ಲಿ ಡೈರೆಕ್ಟರು, ತರಬೇತಿಯ ಹುಡುಗಿ ಮತ್ತು ಪರದೆಯ ಮೇಲೊಬ್ಬ ಸಿಬ್ಬಂದಿ ಅಧಿಕಾರಿ. ವಿಭಾಗದವರೊಬ್ಬರ ಅಭಿಪ್ರಾಯ ಕೇಳಬೇಕೆಂಬ ನಿಯಮದಂತೆ ಮೂಲೆಯ ಕುರ್ಚಿಯಲ್ಲಿ ಫೋನಮ್ಮ. ಅವಳನ್ನು ಕಂಡಾಗಲೇ ತಾವು ಕೊಟ್ಟ ಮೂರು ಪತ್ರ ನೆನಪಾದವು ಎಂದು ಭಾವ ಆಮೇಲೆ ನನ್ನ ಹತ್ತಿರ ಒಪ್ಪಿಕೊಂಡರು. ಡೈರೆಕ್ಟರು ಪಟ್ಟಿಯನ್ನು ಮುಂದೆ ಸರಿಸಿದರು. ಎಲ್ಲಕ್ಕಿಂತ ಮೇಲೆ ಭಾವನದೇ ಹೆಸರು.

“ದಿನಕ್ಕೆ ನಲವತ್ತು ನಿಮಿಷ ಇದ್ದೀರಿ. ಮಿಕ್ಕ ಹೊತ್ತು ಎಲ್ಲಿಗೆ ಹೋಗಿದ್ರಿ?”

“ಎಲ್ಲೂ ಹೋಗಿಲ್ಲ ಸಾರ್. ನೋಡ್ತಾ ಕೂತಿದ್ದೆ.”

“ಏನನ್ನ?”

“ಯಾರ್ಯಾರು ಇಲ್ಲ ಅಂತ.”

ಕೈಕಟ್ಟಿ ನೋಡುವವನ ಕೈ ಮೌಸು ಮುಟ್ಟುವುದಿಲ್ಲ. ಮೌಸು ಮುಟ್ಟದವನು ಯಂತ್ರದ ಲೆಕ್ಕದಲ್ಲಿ ಇಲ್ಲ. ಇದನ್ನು ಬಿಡಿಸಿ ಹೇಳಲು ಭಾವ ಹೊರಟರು, ಮಧ್ಯದಲ್ಲೇ ತಮಗೇ ಅರ್ಥವಾಗಿ ನಿಲ್ಲಿಸಿದರು. ಡೈರೆಕ್ಟರು ಫೋನಮ್ಮನ ಕಡೆ ತಿರುಗಿದರು.

“ಅವರು ಇದ್ರು ಸಾರ್,” ಎಂದಳು ಆಕೆ. “ನನ್ನದು ಹಳದಿಯಾದ ಎರಡು ನಿಮಿಷಕ್ಕೆ ಮೆಸೇಜ್ ಬರ್ತಿತ್ತು. ಇಲ್ದೇ ಇರೋರಿಗೆ ಅದು ಆಗಲ್ಲ.”

“ಹಾಗಾದ್ರೆ ಕೆಲಸ ಮಾಡ್ತಿದ್ರು ಅಂತೀರಾ?”

“ಇದ್ರು ಅಂದೆ ಸಾರ್. ಕೆಲಸದ ಮಾತು ಬೇರೆ.”

ತರಬೇತಿಯ ಹುಡುಗಿ ನಗು ತಡೆಯಲು ಕಾಗದ ಜೋಡಿಸತೊಡಗಿದಳು. ಇವರನ್ನು ವಿಭಾಗದಲ್ಲೇ ಇಟ್ಟುಕೊಳ್ಳೋಣವೇ ಎಂದು ನೇರವಾಗಿಯೇ ಕೇಳಿದಳು. ಫೋನಮ್ಮ ತುಸು ಹೊತ್ತು ಯೋಚಿಸಿದಳು. ಭಾವ ಹೇಳುವ ಪ್ರಕಾರ ಅದು ಅವರ ಇಡೀ ನೌಕರಿಗಿಂತ ದೀರ್ಘವಾಗಿತ್ತು.

“ಇರ್ಲಿ ಬಿಡಮ್ಮ. ಕಡತದ ಕೋಣೇಲಿ ಹಾಕಿದ್ರೆ ಕಪಾಟುಗಳ ಹಿಂದೆ ಓಡಾಡ್ತಾರೆ ಪಾಪ. ಆದ್ರೆ ಆಫೀಸಿನ ಎರಡು ದಿನ ನನ್ನ ಪಕ್ಕ ಕೂತು ಫೋನ್ ಎತ್ತಲಿ. ಪಕ್ಕ. ಹಿಂದೆ ಅಲ್ಲ.”

ಸಮಿತಿ ಇನ್ನೂ ಮೂರು ತಿಂಗಳ ಗಡುವು ಕೊಟ್ಟಿತು. ಪಟ್ಟಿ ನಿಂತಿತು, ಎಚ್ಚರಿಕೆ ಪತ್ರಗಳನ್ನು ವಾಪಸು ಪಡೆದರು.

ಪಕ್ಕದಲ್ಲಿ ಕೂತ ಮೊದಲ ದಿನ ಭಾವನಿಗೆ ಕಾಲನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲವಂತೆ. ಮೊದಲ ಫೋನಿನಲ್ಲಿ ಒಬ್ಬ ಬಟ್ಟೆ ತೊಳೆಯುವ ಅಂಗಡಿಯವನು ಅವರ ವಂಶವನ್ನೆಲ್ಲ ಜಾಲಾಡಿದ. ಎರಡನೆಯ ಫೋನಿಗೆ ಇವರು ಹೇಳಿದ ಉಪಾಯದಿಂದ ಒಂದು ಆಸ್ಪತ್ರೆಯ ಮೂರನೆಯ ಮಹಡಿಗೆ ನೀರೇ ಏರಲಿಲ್ಲ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅನ್ನಿ, ನನ್ನನ್ನ ಕೇಳಿ ಎಂದು ಫೋನಮ್ಮ ಹೇಳಿಕೊಟ್ಟಳು. ಈ ವಾಕ್ಯ ಭಾವನ ಬಾಯಿಗೆ ಬರಲು ಐದು ವಾರ ಹಿಡಿಯಿತು. ಅಕ್ಕ ಮೂವತ್ತು ವರ್ಷದಿಂದ ಅದಕ್ಕಾಗಿ ಕಾದಿದ್ದಳು. ಮನೆಯಲ್ಲಿ ಮೊದಲ ಸಲ ಕೇಳಿದಾಗ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು.

ಗಡುವಿನ ಕೊನೆಯ ವಾರ, ಭಾವ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ದೂರು ಕೇಳುತ್ತಿದ್ದಾಗಲೇ ಮೇಜಿನ ಇನ್ನೊಂದು ಫೋನ್ ಬಡಿದುಕೊಂಡಿತು. ಡೈರೆಕ್ಟರು, ತೀರ್ಮಾನ ತಿಳಿಸಲು. ಭಾವನ ಒಂದು ಕಿವಿಯಲ್ಲಿ ಡೈರೆಕ್ಟರು, ಇನ್ನೊಂದರಲ್ಲಿ ಯಾರದೋ ತೋಟದ ಪಂಪು.

“ಸಾರ್, ಸ್ವಲ್ಪ ತಡೀರಿ,” ಎಂದರಂತೆ ಭಾವ. “ಪಂಪು ಮಾತಾಡ್ತಾ ಇದೆ.”

ಕಣ್ಣು ಮುಚ್ಚಿ ಕೇಳಿದರು. ಬೇರಿಂಗ್ ಸವೆದಿದೆ ಎಂದರು. ಫೋನಮ್ಮ ಚೀಟಿಯಲ್ಲಿ ‘ಅಲ್ಲ, ಪೈಪಿನಲ್ಲಿ ಗಾಳಿ’ ಎಂದು ಬರೆದು ಮುಂದೆ ಹಿಡಿದಳು. ಭಾವ ತೋಟದವನಿಗೆ, ನಾನು ಹೇಳಿದ್ದು ತಪ್ಪು, ನಮ್ಮ ಮೇಡಂ ಹೇಳ್ತಾರೆ ಕೇಳಿ ಎಂದು ಫೋನನ್ನು ಪಕ್ಕಕ್ಕೆ ದಾಟಿಸಿದರು. ಆಮೇಲೆ ನೀರು ಬಂತೋ ಇಲ್ಲವೋ ಎಂದು ತಿಳಿಯುವ ತನಕ ಅವಳ ಮುಖವನ್ನೇ ನೋಡುತ್ತ ಕೂತರು.

ಹನ್ನೊಂದು ನಿಮಿಷ ಇದನ್ನೆಲ್ಲ ಕೇಳಿಸಿಕೊಂಡ ಮೇಲೆ ಡೈರೆಕ್ಟರು ಫೋನ್ ಇಟ್ಟು, ವಿಭಾಗದಲ್ಲೇ ಮುಂದುವರಿಯಿರಿ ಎಂದು ಒಂದೇ ಸಾಲಿನ ಆದೇಶ ಕಳಿಸಿದರು.